ಬೇಸ್ ಗಿಟಾರ್ ಉಜ್ಜುವಾಗ ಏಳುವ ಧೂಳು: ಮನೆಯವರ ಉಸಿರಿಗೆ ಎಷ್ಟು ಅಪಾಯ?

ಮರದ ಹಲಗೆ ತಂದು, ಕೊರೆದು, ಉಜ್ಜಿ, ತನ್ನ ಕೈಯಾರೆ ಒಂದು ಬೇಸ್ ಗಿಟಾರ್ ಮಾಡಿಕೊಳ್ಳುವುದು ಖುಷಿಯ ಕೆಲಸ. ಆದರೆ ಮುಂಬೈ, ಪುಣೆ, ಚೆನ್ನೈಗಳಂಥ ಊರಿನ ಫ್ಲ್ಯಾಟಿನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಬಾಲ್ಕನಿಯೇ ಕಾರ್ಯಾಗಾರವಾಗುತ್ತದೆ. ಗೋಡೆಯ ಆಚೆ ಬದಿಯಲ್ಲಿ ಇನ್‌ಹೇಲರ್ ಬಳಸುವ ಅಜ್ಜಿ ಮಲಗಿರುತ್ತಾರೆ, ಇಲ್ಲವೇ ನೆಬ್ಯುಲೈಸರ್ ಬೇಕಾಗುವ ಮಗು ಆಡುತ್ತಿರುತ್ತದೆ. ಕೆಲವೊಮ್ಮೆ ಗಿಟಾರ್ ಮಾಡುವವರಿಗೇ ಅಸ್ತಮಾ ಇರುತ್ತದೆ.

ಹೀಗಾಗಿ ನೀವು ಗಿಟಾರ್ ಮಾಡುವವರಾಗಿರಲಿ, ಅಂಥವರ ತಾಯಿ, ಹೆಂಡತಿ, ಗಂಡ ಅಥವಾ ಅದೇ ಮನೆಯ ರೋಗಿಯನ್ನು ನೋಡಿಕೊಳ್ಳುವವರಾಗಿರಲಿ, ಈ ಲೇಖನ ನಿಮಗೆ ಉಪಯೋಗಕ್ಕೆ ಬರಬಹುದು. ಬಾಡಿಗೆ ಆಕಾರ ಕೊಡುವಾಗ ಮತ್ತು ಉಜ್ಜುವಾಗ ಯಾವ ಹಂತದಲ್ಲಿ ಎಂಥ ಧೂಳು ಏಳುತ್ತದೆ, ಅದು ದೇಹದಲ್ಲಿ ಏನು ಮಾಡುತ್ತದೆ, ಅದನ್ನು ಕಡಿಮೆ ಮಾಡುವುದು ಹೇಗೆ, ಔಷಧಿ ತೆಗೆದುಕೊಳ್ಳುವವರು ಯಾವುದಕ್ಕೆ ಎಚ್ಚರ ವಹಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಬಾಡಿ ತಯಾರಾಗುವುದು ಹೇಗೆ?

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಇಂದು ಹವ್ಯಾಸಿಗಳು ಮನೆಯಲ್ಲಿ ಮಾಡುವ ಬೇಸ್ ಗಿಟಾರ್‌ಗಳಲ್ಲಿ ಹೆಚ್ಚಿನವು ಅದೇ ಜಾತಿಯವು. ಇವುಗಳ ಬಾಡಿ ವೀಣೆಯ ಕೊಡದಂತೆ ಟೊಳ್ಳಾಗಿರುವುದಿಲ್ಲ. ಸುಮಾರು 45 ಮಿಲಿಮೀಟರ್ ದಪ್ಪದ ಗಟ್ಟಿ ಮರದ ಹಲಗೆಯನ್ನೇ ಕತ್ತರಿಸಿ ಮಾಡಿದ ಮೈ ಅದು.

ಕೆಲಸದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಎಂಡಿಎಫ್ ಹಲಗೆಯಲ್ಲಿ ಅಚ್ಚು ಕತ್ತರಿಸುತ್ತಾರೆ. ಎರಡು ಹಲಗೆಗಳನ್ನು ಅಂಟಿಸಿ ಅಗಲ ಮಾಡಿದ ಮರದ ಮೇಲೆ ಆ ಅಚ್ಚನ್ನಿಟ್ಟು ಗೆರೆ ಎಳೆಯುತ್ತಾರೆ. ಜಿಗ್‌ಸಾ ಅಥವಾ ಬ್ಯಾಂಡ್‌ಸಾದಿಂದ ಗೆರೆಯ ಹೊರಗೆ ಕತ್ತರಿಸಿ, ರೌಟರ್ ಯಂತ್ರದಿಂದ ಅಂಚನ್ನು ಸಮ ಮಾಡಿ, ಪಿಕಪ್ ಕೂರುವ ಗುಳಿಗಳನ್ನು ಕೊರೆಯುತ್ತಾರೆ. ಆಮೇಲೆ ಅಂಚುಗಳನ್ನು ದುಂಡಗೆ ಮಾಡುತ್ತಾರೆ. ಬಲಗೈ ತೋಳು ಒರಗುವ ಕಡೆ ಇಳಿಜಾರು ಕೊಟ್ಟು, ಹಿಂಬದಿಯಲ್ಲಿ ಹೊಟ್ಟೆಗೆ ತಾಗುವ ಜಾಗವನ್ನು ತಗ್ಗಿಸುತ್ತಾರೆ. ಇದಕ್ಕೆ ಮರದ ಅರ, ಕೀಸುಳಿ (ಮುಂಬೈ, ಪುಣೆಯ ಬಡಗಿಗಳ ಬಾಯಲ್ಲಿ ರಂದಾ), ಕೆಲವರು ನೇರವಾಗಿ ಸ್ಯಾಂಡಿಂಗ್ ಯಂತ್ರ ಬಳಸುತ್ತಾರೆ.

ಕೊನೆಗೆ ಸ್ಯಾಂಡ್ ಪೇಪರ್. 80ನೇ ನಂಬರಿನ ಒರಟು ಕಾಗದದಿಂದ ಶುರುಮಾಡಿ 120, 180, 220, ಕೆಲವೊಮ್ಮೆ 320ರವರೆಗೆ ಹೋಗುತ್ತಾರೆ. ಪ್ರತಿ ಕಾಗದದ ಕೆಲಸ ಹಿಂದಿನ ಕಾಗದ ಬಿಟ್ಟ ಗೀರನ್ನು ಅಳಿಸುವುದು. ನಂಬರ್ ಹೆಚ್ಚಿದಂತೆ ಮರ ನುಣುಪಾಗುತ್ತದೆ, ಏಳುವ ಪುಡಿಯೂ ನುಣುಪಾಗುತ್ತದೆ.

ಯಾವ ಧೂಳು ಹೆಚ್ಚು ಅಪಾಯಕಾರಿ?

ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಬರುವ ಸಿಪ್ಪೆ, ಗರಗಸದಿಂದ ಬೀಳುವ ಒರಟು ಹೊಟ್ಟು ನೋಡಲು ರಾಶಿಯಾಗಿ ಕಾಣುತ್ತವೆ. ಆದರೆ ಅವು ಭಾರ, ನೆಲಕ್ಕೆ ಬೀಳುತ್ತವೆ. ಗುಡಿಸಿ ತೆಗೆದರೆ ಮುಗಿಯಿತು.

ಸ್ಯಾಂಡಿಂಗ್ ಧೂಳಿನ ಸ್ವಭಾವ ಬೇರೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್.) 10 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಅದಕ್ಕಿಂತ ಚಿಕ್ಕವು ಶ್ವಾಸನಾಳಗಳಿಗೆ ಇಳಿಯುತ್ತವೆ. ಸುಮಾರು 4 ಮೈಕ್ರಾನ್‌ಗಿಂತ ಚಿಕ್ಕವು ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳವರೆಗೂ ಹೋಗಬಲ್ಲವು. ಇಷ್ಟು ಚಿಕ್ಕ ಕಣಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಯಂತ್ರ ನಿಲ್ಲಿಸಿದ ಮೇಲೂ ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ.

"ಈಗ ಧೂಳು ಕಾಣಿಸುತ್ತಿಲ್ಲ, ಮಾಸ್ಕ್ ತೆಗೆಯಬಹುದು" ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ. ಒರಟು ಹೊಟ್ಟು ಹಾರುವಾಗ ಮಾಸ್ಕ್ ಹಾಕಿಕೊಂಡವರು, 220ರ ಕಾಗದದಲ್ಲಿ ಮೆಲ್ಲಗೆ ಕೈಯಿಂದ ಉಜ್ಜುವಾಗ ಅದನ್ನು ತೆಗೆದಿಡುವುದುಂಟು. ಆಗುವುದೂ ಅಲ್ಲಿಯೇ ಹೆಚ್ಚು: ಬಗ್ಗಿ, ಮುಖವನ್ನು ಮರದ ಹತ್ತಿರ ತಂದು, ಗೀರು ಉಳಿದಿದೆಯೇ ಎಂದು ನೋಡುತ್ತಾ ಉಸಿರಾಡುವ ಹಂತ ಅದು.

ಎಂಡಿಎಫ್ ಅಚ್ಚನ್ನು ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಆ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದರ ಪುಡಿ ಬಹಳ ನುಣುಪು.

ಹಗಲು ಉಜ್ಜಿದರೆ ರಾತ್ರಿ ಕೆಮ್ಮು ಏಕೆ?

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಮರದ ಧೂಳಿನಿಂದ ಬರುವ ಅಸ್ತಮಾದ ಲಕ್ಷಣಗಳು ಉಜ್ಜುವ ಹೊತ್ತಿನಲ್ಲೇ ಬರಬೇಕೆಂದಿಲ್ಲ. ಹಲವು ಗಂಟೆ ತಡವಾಗಿ ಬರಬಹುದು. ಬೆಳಿಗ್ಗೆ ಹನ್ನೊಂದಕ್ಕೆ ಉಜ್ಜಿದವರಿಗೆ ಸಂಜೆ ಎದೆ ಬಿಗಿಯಬಹುದು, ನಡುರಾತ್ರಿ ಕೆಮ್ಮು, ಸುಯ್ಯೆನ್ನುವ ಉಬ್ಬಸ ಶುರುವಾಗಬಹುದು.

ಇದನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವೆಸ್ಟರ್ನ್ ರೆಡ್ ಸೀಡರ್ ಎಂಬ ಮರ ಕೊಯ್ಯುವ ಕಾರ್ಮಿಕರಲ್ಲಿ. ಆ ಮರದಲ್ಲಿರುವ ಪ್ಲಿಕಾಟಿಕ್ ಆಮ್ಲ ಅಸ್ತಮಾ ಉಂಟುಮಾಡುತ್ತದೆ. ಅಲ್ಲಿ ಕಂಡುಬಂದ ಎರಡು ಸಂಗತಿಗಳು ನಮಗೂ ಮುಖ್ಯ. ಒಂದು, ಮೊದಲ ದಿನವೇ ತೊಂದರೆ ಬರುವುದಿಲ್ಲ. ತಿಂಗಳುಗಳು, ಕೆಲವರಿಗೆ ವರ್ಷಗಳು ಕಳೆದ ಮೇಲೆ ದೇಹ ಆ ಧೂಳಿಗೆ ಪ್ರತಿಕ್ರಿಯಿಸಲು ಶುರುಮಾಡುತ್ತದೆ. ಎರಡು, ಲಕ್ಷಣ ಕಂಡ ಮೇಲೂ ಅದೇ ಧೂಳಿನಲ್ಲಿ ಮುಂದುವರಿದವರಲ್ಲಿ ಅನೇಕರಿಗೆ ಕೆಲಸ ಬಿಟ್ಟ ಮೇಲೂ ಅಸ್ತಮಾ ಹೋಗಲಿಲ್ಲ. ಬೇಗ ಗುರುತಿಸಿ ಬೇಗ ದೂರವಾದವರು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹವ್ಯಾಸಿಗಳ ಮಟ್ಟಿಗೆ ಇದರ ಅರ್ಥ ಇಷ್ಟು: "ಮೊದಲ ಗಿಟಾರ್ ಮಾಡಿದಾಗ ಏನೂ ಆಗಲಿಲ್ಲ" ಎಂಬುದು ಮೂರನೆಯ ಗಿಟಾರ್‌ಗೆ ಗ್ಯಾರಂಟಿ ಅಲ್ಲ. ರಾತ್ರಿ ಕೆಮ್ಮಿದರೆ "ಹವಾಮಾನ ಬದಲಾಯಿತು", "ಎಸಿ ಗಾಳಿ ತಗುಲಿತು" ಎನ್ನುವ ಮೊದಲು, ಇವತ್ತು ಹಗಲು ಮನೆಯಲ್ಲಿ ಯಾರಾದರೂ ಮರ ಉಜ್ಜಿದರೇ ಎಂದು ಕೇಳಿಕೊಳ್ಳಿ.

ಮರದಿಂದ ಮರಕ್ಕೆ ವ್ಯತ್ಯಾಸ

ಯಾವ ಮರದ ನುಣುಪು ಧೂಳೂ ಉಸಿರಿಗೆ ಒಳ್ಳೆಯದಲ್ಲ. ಆದರೆ ಕೆಲವು ಮರಗಳು ಅಲರ್ಜಿಗೆ ಹೆಸರಾದವು.

• ಬೀಟೆ ಮತ್ತು ಅದರ ಜಾತಿಯ ಮರಗಳು: ಇವುಗಳಲ್ಲಿರುವ ಡಾಲ್ಬರ್ಜಿಯೋನ್ ಎಂಬ ರಾಸಾಯನಿಕಗಳು ಚರ್ಮದ ಅಲರ್ಜಿ ಉಂಟುಮಾಡುತ್ತವೆ. ಬೆರಳ ಸಂದು, ಮುಂಗೈ, ಕಣ್ಣಿನ ರೆಪ್ಪೆ, ಕುತ್ತಿಗೆಯಲ್ಲಿ ಕೆಂಪು ದದ್ದು, ತುರಿಕೆ ಬರುತ್ತದೆ.
• ತೇಗ (ಸಾಗುವಾನಿ): ಇದರಿಂದಲೂ ಚರ್ಮದ ಅಲರ್ಜಿ ಬರಬಹುದು, ಮೂಗು ಸೋರಬಹುದು.
• ಮಹಾಗನಿ, ಮೇಪಲ್, ಆ್ಯಶ್, ಓಕ್: ಮೂಗು, ಕಣ್ಣು, ಗಂಟಲಿನ ಕಿರಿಕಿರಿಯಿಂದ ಹಿಡಿದು ಕೆಲವರಲ್ಲಿ ಅಸ್ತಮಾದವರೆಗೆ.
• ಬೂಸ್ಟು ಹಿಡಿದ ಅಥವಾ ಕಪ್ಪು ಗೆರೆ ಮೂಡಿದ ಮರ: ಶಿಲೀಂಧ್ರ ಬೆಳೆದು ಚಂದದ ಗೆರೆ ಮೂಡಿದ ಮರವನ್ನು ಗಿಟಾರ್‌ನ ಮೇಲ್ಮೈಗೆ ಇಷ್ಟಪಟ್ಟು ಬಳಸುವವರಿದ್ದಾರೆ. ಅದನ್ನು ಉಜ್ಜಿದಾಗ ಧೂಳಿನ ಜೊತೆ ಶಿಲೀಂಧ್ರದ ಬೀಜಕಣಗಳೂ ಹಾರಬಹುದು.

ಮರದ ಹೆಸರು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ನಾವು ಬೀಟೆ ಎನ್ನುವ ಮರ ಮರಾಠಿಯಲ್ಲಿ ಶಿಸವ, ತಮಿಳಿನಲ್ಲಿ ಈಟ್ಟಿ. ದೆಹಲಿ ಕಡೆ ಶೀಶಮ್ ಎಂದರೆ ಸಾಮಾನ್ಯವಾಗಿ ಅದೇ ಕುಲದ ಇನ್ನೊಂದು ಮರ. ಟಿಂಬರ್ ಅಂಗಡಿಯವರು ಹೇಳಿದ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದೆ ಅಲರ್ಜಿ ಆದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.

ಕ್ಯಾನ್ಸರ್ ಬರುತ್ತದೆಯೇ?

ಅಂತರ್ಜಾಲದಲ್ಲಿ "ಮರದ ಧೂಳು ಕ್ಯಾನ್ಸರ್‌ಕಾರಕ" ಎಂದು ಓದಿ ಗಾಬರಿಯಾದವರು ಇರಬಹುದು. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿ ಅರ್ಥ ತಿಳಿಯಬೇಕು.

ಇಂಗ್ಲೆಂಡಿನ ಹೈ ವೈಕೂಮ್ ಎಂಬ ಊರು ಕುರ್ಚಿ, ಪೀಠೋಪಕರಣಗಳ ತಯಾರಿಕೆಗೆ ಹೆಸರಾಗಿತ್ತು. ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರು, ಬಹಳ ಅಪರೂಪವಾದ ಒಂದು ಬಗೆಯ ಮೂಗಿನ ಕ್ಯಾನ್ಸರ್ ಪೀಠೋಪಕರಣ ಕಾರ್ಮಿಕರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿರುವುದನ್ನು ಗಮನಿಸಿದರು. 1960ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ದೃಢಪಡಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು.

ಮೊದಲ ಗುಂಪು ಎಂದರೆ ಸಾಕ್ಷ್ಯ ಗಟ್ಟಿಯಾಗಿದೆ ಎಂದು ಅರ್ಥವೇ ಹೊರತು, ಒಬ್ಬ ವ್ಯಕ್ತಿಗೆ ಅಪಾಯ ಎಷ್ಟು ಎಂದಲ್ಲ. ಆ ಕಾರ್ಮಿಕರು ವರ್ಷಗಟ್ಟಲೆ, ದಿನವಿಡೀ ಧೂಳಿನಲ್ಲಿದ್ದವರು. ರೋಗ ಕಾಣಿಸಿಕೊಂಡದ್ದು ದಶಕಗಳ ನಂತರ. ಒಂದು ಗಿಟಾರ್ ಮಾಡಿದವರು ಈ ಕ್ಯಾನ್ಸರ್‌ಗಾಗಿ ಹೆದರಿ ಕೂರಬೇಕಿಲ್ಲ. ಹವ್ಯಾಸಿಯ ಮನೆಯಲ್ಲಿ ನಿಜವಾಗಿ ಕಾಡುವುದು ಅಸ್ತಮಾ, ಮೂಗಿನ ಅಲರ್ಜಿ, ಚರ್ಮದ ತೊಂದರೆ. ಆದರೆ ಮರಗೆಲಸವೇ ನಿಮ್ಮ ಹೊಟ್ಟೆಪಾಡಾಗಿದ್ದರೆ ಧೂಳು ತಡೆಯುವ ವ್ಯವಸ್ಥೆ ಅನಿವಾರ್ಯ. ಒಂದೇ ಕಡೆಯ ಮೂಗು ವಾರಗಟ್ಟಲೆ ಕಟ್ಟಿದ್ದರೆ, ಅಥವಾ ಸಿಂಬಳದಲ್ಲಿ ಪದೇ ಪದೇ ರಕ್ತ ಕಂಡರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ನಿಮ್ಮ ಕೆಲಸ ಏನೆಂಬುದನ್ನು ತಪ್ಪದೆ ಹೇಳಿ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

• ಅಸ್ತಮಾ, ಸಿಒಪಿಡಿ, ಹಳೆಯ ಕ್ಷಯದಿಂದ ಶ್ವಾಸಕೋಶ ದುರ್ಬಲವಾಗಿರುವವರು.
• ಚಿಕ್ಕ ಮಕ್ಕಳು.
• ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು, ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸುವವರು. ಬೂಸ್ಟು ಹಿಡಿದ ಮರದ ಧೂಳಿನ ಹತ್ತಿರಕ್ಕೂ ಇವರು ಹೋಗಬಾರದು. ಶಿಲೀಂಧ್ರದ ಸೋಂಕು ಇವರಿಗೆ ಗಂಭೀರವಾಗಬಹುದು.
• ಗರ್ಭಿಣಿಯರು, ಮುಖ್ಯವಾಗಿ ಥಿನ್ನರ್ ಮತ್ತು ಪಾಲಿಶ್ ವಾಸನೆಯ ವಿಷಯದಲ್ಲಿ.

ಧೂಳು ಬಟ್ಟೆಯ ಮೇಲೂ ಪ್ರಯಾಣ ಮಾಡುತ್ತದೆ. ಉಜ್ಜಿದ ಬಟ್ಟೆಯಲ್ಲೇ ಬಂದು ಮಗುವನ್ನು ಎತ್ತಿಕೊಂಡರೆ, ಸೋಫಾದ ಮೇಲೆ ಕೂತರೆ, ಆ ಧೂಳು ಅಲ್ಲಿಗೂ ಬಂತು. ಕೆಲಸದ ಬಟ್ಟೆಯನ್ನು ಬಾಲ್ಕನಿಯಲ್ಲೇ ಬದಲಿಸಿ, ಕೊಡವದೆ ಸುತ್ತಿ, ಬೇರೆಯಾಗಿ ಒಗೆಯಿರಿ. ಸ್ನಾನ ಮಾಡಿ, ತಲೆ ತೊಳೆದುಕೊಂಡೇ ಊಟಕ್ಕೆ ಕೂರುವುದು ಒಳ್ಳೆಯದು.

ಧೂಳು ಕಡಿಮೆ ಮಾಡುವ ಕ್ರಮ

ಎಲ್ಲರೂ ಮೊದಲು ಕೇಳುವುದು ಮಾಸ್ಕ್ ಯಾವುದು ಎಂದು. ಆದರೆ ಮಾಸ್ಕ್ ಕೊನೆಯ ರಕ್ಷಣೆ. ಅದಕ್ಕೂ ಮೊದಲು ಧೂಳೇ ಏಳದಂತೆ ನೋಡಿಕೊಳ್ಳಬೇಕು.

1. ಒರಟು ಕೆಲಸವನ್ನು ಮನೆಯ ಹೊರಗೆ ಮುಗಿಸಿ. ಹಲಗೆಯನ್ನು ಬೇಕಾದ ದಪ್ಪಕ್ಕೆ ಟಿಂಬರ್ ಅಂಗಡಿ ಅಥವಾ ಬಡಗಿಯ ಯಂತ್ರದಲ್ಲೇ ಕೀಸಿಸಿ ತನ್ನಿ. ಸಾಧ್ಯವಾದರೆ ಹೊರಗಿನ ಆಕಾರವನ್ನೂ ಅಲ್ಲೇ ಕತ್ತರಿಸಿಕೊಳ್ಳಿ.

2. ಉಜ್ಜುವ ಬದಲು ಕೆತ್ತಿ. ತೋಳಿನ ಇಳಿಜಾರು, ಹೊಟ್ಟೆಯ ತಗ್ಗು ಇವನ್ನು 60 ಅಥವಾ 80ರ ಕಾಗದದಿಂದ ಉಜ್ಜಿ ತಗ್ಗಿಸುವುದು ಗಂಟೆಗಟ್ಟಲೆ ಧೂಳಿನ ಕೆಲಸ. ಅದನ್ನೇ ಹರಿತವಾದ ಕೀಸುಳಿ, ಮರದ ಅರದಿಂದ ಮಾಡಿದರೆ ಸಿಪ್ಪೆ ಮತ್ತು ಒರಟು ಪುಡಿ ಬೀಳುತ್ತದೆ, ತೇಲುವ ಧೂಳು ಕಡಿಮೆ. ಅರದ ಗುರುತುಗಳನ್ನು ತೆಗೆಯಲು ಸ್ಕ್ರೇಪರ್ ಎಂಬ ತೆಳು ಉಕ್ಕಿನ ಪಟ್ಟಿ ಸಿಗುತ್ತದೆ. ಅದು ಮರವನ್ನು ಉಜ್ಜುವುದಿಲ್ಲ, ಎಳೆ ಎಳೆಯಾಗಿ ಕೆರೆದು ತೆಗೆಯುತ್ತದೆ. ಸ್ಕ್ರೇಪರ್‌ನಿಂದ ಚೆನ್ನಾಗಿ ಕೆರೆದ ಬಾಡಿಗೆ 80 ಮತ್ತು 120ರ ಹಂತಗಳೇ ಬೇಕಾಗದಿರಬಹುದು. ಮೈಯ ತಿರುವುಗಳೂ ಇದರಿಂದ ಚೊಕ್ಕವಾಗಿ ಬರುತ್ತವೆ.

3. ಯಂತ್ರದಲ್ಲಿ ಉಜ್ಜುವುದಾದರೆ ಧೂಳನ್ನು ಹುಟ್ಟಿದಲ್ಲೇ ಹಿಡಿಯಿರಿ. ಸ್ಯಾಂಡಿಂಗ್ ಯಂತ್ರದ ಧೂಳಿನ ತೂತಿಗೆ ವ್ಯಾಕ್ಯೂಮ್ ಕ್ಲೀನರ್‌ನ ಪೈಪು ಜೋಡಿಸಿ. ಆ ವ್ಯಾಕ್ಯೂಮ್‌ನಲ್ಲಿ ಹೆಪಾ ಫಿಲ್ಟರ್ ಇರಲಿ. ಇಲ್ಲದಿದ್ದರೆ ಒಂದು ಕಡೆ ಹೀರಿದ ನುಣುಪು ಧೂಳು ಇನ್ನೊಂದು ಕಡೆ ಕೋಣೆಗೇ ಬರುತ್ತದೆ.

4. ಗಾಳಿ ಹೊರಕ್ಕೆ ಹೋಗಲಿ. ಟೇಬಲ್ ಫ್ಯಾನನ್ನು ಮನೆಯೊಳಕ್ಕೆ ಮುಖ ಮಾಡಿ ಇಡಬೇಡಿ. ಬಾಲ್ಕನಿಯಿಂದ ಮನೆಗೆ ತೆರೆಯುವ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಸುತ್ತಿ. ಅಕ್ಕಪಕ್ಕದ ಮನೆಯವರ ಕಿಟಕಿ, ಒಣಹಾಕಿದ ಬಟ್ಟೆಗಳ ಕಡೆಗೂ ಗಮನವಿರಲಿ. ಅಲ್ಲಿಯೂ ಒಬ್ಬ ರೋಗಿ ಇರಬಹುದು.

5. ಪೊರಕೆ ಬೇಡ, ಒದ್ದೆ ಬಟ್ಟೆ ಸಾಕು. ಪೊರಕೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಬಾಯಿಂದ ಊದುವುದು, ಬಟ್ಟೆ ಕೊಡವುವುದು ಬೇಡ. ಮನೆಕೆಲಸದವರಿಗೆ ಈ ಜಾಗ ಗುಡಿಸಲು ಬಿಡಬೇಡಿ, ಅವರಿಗೂ ಶ್ವಾಸಕೋಶ ಇದೆ. ಉಜ್ಜಿದವರೇ ಮಾಸ್ಕ್ ಹಾಕಿಕೊಂಡು ಒರೆಸಲಿ.

6. ಇಷ್ಟೆಲ್ಲ ಆದ ಮೇಲೆ ಮಾಸ್ಕ್. ಕರವಸ್ತ್ರ, ಬಟ್ಟೆ ಮಾಸ್ಕ್ ಈ ಧೂಳಿಗೆ ಸಾಲದು. ಸರ್ಜಿಕಲ್ ಮಾಸ್ಕ್‌ನ ಬದಿಗಳಲ್ಲಿ ಸಂದು ಉಳಿಯುತ್ತದೆ. ಎನ್95, ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ಅದು ಮುಖಕ್ಕೆ ಅಂಟಿ ಕೂರಬೇಕು. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಎರಡೂ ಪಟ್ಟಿಗಳನ್ನು ತಲೆಯ ಹಿಂದೆ ಸರಿಯಾಗಿ ಹಾಕಿ, ಮೂಗಿನ ಮೇಲಿನ ತಂತಿಯನ್ನು ಒತ್ತಿ. ಒರೆಸಿ ಮುಗಿಸುವವರೆಗೂ ಮಾಸ್ಕ್ ತೆಗೆಯಬೇಡಿ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಇಂಥ ಮಾಸ್ಕನ್ನು ಹೆಚ್ಚು ಹೊತ್ತು ಹಾಕಿಕೊಳ್ಳುವ ಮುನ್ನ ವೈದ್ಯರನ್ನು ಕೇಳಿ.

ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಮೀರಿ ಕೇಳಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಮಿತಿ ಕೇವಲ 15 ನಿಮಿಷ. ರೌಟರ್ ಯಂತ್ರದ ಸದ್ದು ಆ ಮಟ್ಟದ ಹತ್ತಿರ ಹೋಗಬಲ್ಲದು. ಬೇಸ್ ನುಡಿಸುವವರಿಗೆ ಕಿವಿ ಬೇಕೇ ಬೇಕಲ್ಲವೇ!

ಪಾಲಿಶ್ ಹಂತದಲ್ಲಿ ಮಾಸ್ಕ್ ಬದಲಾಗಬೇಕು

ಉಜ್ಜಿ ಮುಗಿದ ಮೇಲೆ ಸೀಲರ್, ಲ್ಯಾಕರ್ ಅಥವಾ ಪಿಯು ಹೊಡೆಯುತ್ತಾರೆ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಎರಡು ಡಬ್ಬಿ ಬೆರೆಸಿ ಬಳಸುವ ಪಿಯು ಪಾಲಿಶ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿರುತ್ತವೆ. ಕೆಲಸದ ಜಾಗದಲ್ಲಿ ಬರುವ ಅಸ್ತಮಾಕ್ಕೆ ಪ್ರಪಂಚದಾದ್ಯಂತ ಇವು ಒಂದು ಮುಖ್ಯ ಕಾರಣ. ಮೂಗಿಗೆ ವಾಸನೆ ಬರುವ ಮೊದಲೇ ಅಪಾಯದ ಮಟ್ಟ ತಲುಪಿರಬಹುದು. ಇದನ್ನು ಮನೆಯಲ್ಲಿ, ಅದರಲ್ಲೂ ಅಸ್ತಮಾ ರೋಗಿ ಇರುವ ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಸರಿಯಾದ ಸ್ಪ್ರೇ ಬೂತ್ ಇರುವ ಅಂಗಡಿಯಲ್ಲಿ ಮಾಡಿಸಿ.

ಅಗಸೆ ಎಣ್ಣೆಯ ಪಾಲಿಶ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆದರೆ, ಒಳಗೆ ಶಾಖ ಸೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ಮುಳುಗಿಸಿಡಿ, ಅಥವಾ ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಬಳಸುವ ರೋಗಿ ಇದ್ದರೆ ಥಿನ್ನರ್, ಸ್ಪಿರಿಟ್, ಎಣ್ಣೆ ಬಟ್ಟೆ ಯಾವುದೂ ಆ ಮನೆಯೊಳಗೆ ಬೇಡ.

ಔಷಧಿ ತೆಗೆದುಕೊಳ್ಳುವವರು ಗಮನಿಸಿ

ಫಾರ್ಮಸಿ ಓದಿದವಳಾಗಿ ನಾನು ಒತ್ತಿ ಹೇಳಬೇಕಾದ ಭಾಗ ಇದು.

ರಿಲೀವರ್ ಇನ್‌ಹೇಲರ್ (ಸಾಲ್ಬ್ಯುಟಮಾಲ್): "ಎರಡು ಪಫ್ ಎಳೆದುಕೊಂಡು ಮತ್ತೆ ಉಜ್ಜುತ್ತೇನೆ" ಎನ್ನಬೇಡಿ. ಅದು ಬಿಗಿದ ಶ್ವಾಸನಾಳವನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ, ಒಳಗಿನ ಉರಿಯೂತವನ್ನು ಕಡಿಮೆ ಮಾಡುವುದಿಲ್ಲ. ಉಸಿರು ಸಲೀಸಾಯಿತೆಂದು ನೀವು ಇನ್ನಷ್ಟು ಧೂಳು ಒಳಗೆಳೆದುಕೊಳ್ಳುತ್ತೀರಿ. ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ರಿಲೀವರ್ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ವೈದ್ಯರನ್ನು ಕಾಣಿ. ದಿನನಿತ್ಯದ ಸ್ಟೀರಾಯ್ಡ್ ಇನ್‌ಹೇಲರನ್ನು ನೀವಾಗಿ ನಿಲ್ಲಿಸಬೇಡಿ.

ಅಲರ್ಜಿ ಮಾತ್ರೆ, ಶೀತದ ಮಾತ್ರೆ, ಕೆಮ್ಮಿನ ಸಿರಪ್: ಕ್ಲೋರ್‌ಫೆನಿರಮಿನ್ ಇರುವ ಔಷಧಿಗಳು ನಿದ್ದೆ ತರುತ್ತವೆ. ಸೆಟಿರಿಜಿನ್ ಕೂಡ ಕೆಲವರಿಗೆ ಮಂಪರು ಕೊಡುತ್ತದೆ. ಇವನ್ನು ನುಂಗಿ ರೌಟರ್, ಗರಗಸ ಹಿಡಿಯಬೇಡಿ. ಇವು ಸೀನು, ತುರಿಕೆ ತಗ್ಗಿಸಬಹುದು, ಧೂಳು ಶ್ವಾಸಕೋಶಕ್ಕೆ ಇಳಿಯುವುದನ್ನು ತಡೆಯಲಾರವು.

ಮೂಗು ಕಟ್ಟಿದಾಗ ಹಾಕುವ ಡ್ರಾಪ್ಸ್ (ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್): ಮೂರರಿಂದ ಐದು ದಿನ ಮೀರಿ ಬಳಸಿದರೆ ಔಷಧಿಯಿಂದಲೇ ಮೂಗು ಮತ್ತೆ ಕಟ್ಟಲು ಶುರುವಾಗುತ್ತದೆ. ಉಜ್ಜಿದ ದಿನ ಮೂಗು ತೊಳೆಯಲು ಬರೀ ಸಲೈನ್ ಸಾಕು.

ಪ್ರೊಪ್ರಾನೊಲಾಲ್: ವೇದಿಕೆಯ ಅಂಜಿಕೆ, ಕೈ ನಡುಕಕ್ಕೆ ಸಂಗೀತಗಾರರು ಇದನ್ನು ಬಳಸುವುದುಂಟು. ಅಸ್ತಮಾ ಇರುವವರಲ್ಲಿ ಇದು ಶ್ವಾಸನಾಳವನ್ನು ಬಿಗಿಯುವಂತೆ ಮಾಡಬಲ್ಲದು, ರಿಲೀವರ್‌ನ ಪರಿಣಾಮವನ್ನೂ ತಗ್ಗಿಸುತ್ತದೆ. ಗೆಳೆಯರು ಕೊಟ್ಟ ಮಾತ್ರೆಯನ್ನು ನುಂಗಬೇಡಿ. ಈಗಾಗಲೇ ರಕ್ತದೊತ್ತಡ, ತಲೆನೋವಿಗೆಂದು ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸದೆ ವೈದ್ಯರ ಜೊತೆ ಮಾತಾಡಿ.

ರಕ್ತ ತೆಳುವಾಗಿಸುವ ಔಷಧಿ (ವಾರ್ಫರಿನ್, ಕ್ಲೋಪಿಡೊಗ್ರೆಲ್ ಮುಂತಾದವು): ಉಳಿ, ಗರಗಸದ ಗಾಯದಿಂದ ರಕ್ತ ಬೇಗ ನಿಲ್ಲುವುದಿಲ್ಲ. ಶುದ್ಧ ಬಟ್ಟೆಯಿಂದ 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಕತ್ತರಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಜಾಣತನ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ: ಕೆಲಸದ ಗುಂಗಿನಲ್ಲಿ ಊಟ ತಪ್ಪಿದರೆ ಸಕ್ಕರೆ ಕುಸಿದು ಕೈ ನಡುಗಬಹುದು, ಕಣ್ಣು ಮಂಜಾಗಬಹುದು. ಆ ಹೊತ್ತಿನಲ್ಲಿ ಕೈಯಲ್ಲಿ ಯಂತ್ರ ಇರಬಾರದು.

ಚರ್ಮದ ಕ್ರೀಮು: ಕೈಗೆ ದದ್ದು ಬಂತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ, ಸ್ಟೀರಾಯ್ಡ್ ಮತ್ತು ಶಿಲೀಂಧ್ರನಾಶಕ ಎರಡೂ ಬೆರೆತ ಕ್ರೀಮನ್ನು ಹಚ್ಚಬೇಡಿ. ಕ್ಲೊಬೆಟಸಾಲ್ ಬಲವಾದ ಸ್ಟೀರಾಯ್ಡ್. ರೆಪ್ಪೆ, ಮುಖಕ್ಕೆ ತಗುಲಿದರೆ ಹಾನಿ. ಮೊದಲು ಆ ಮರವನ್ನು ಬಿಡಿ, ಆಮೇಲೆ ಚರ್ಮರೋಗ ತಜ್ಞರಿಗೆ ತೋರಿಸಿ.

ವೈದ್ಯರಿಗೆ ಏನು ಹೇಳಬೇಕು?

ಪರವೂರಿನಲ್ಲಿ ಇನ್ನೊಂದು ಭಾಷೆಯ ವೈದ್ಯರ ಮುಂದೆ ಕೂತಾಗ ನಾವು "ಕೆಮ್ಮು, ದಮ್ಮು" ಎಂದಷ್ಟೇ ಹೇಳಿ ಎದ್ದು ಬರುತ್ತೇವೆ. ಹವ್ಯಾಸದ ಮಾತು ಎತ್ತುವುದೇ ಇಲ್ಲ. "ಬ್ಯಾಂಕಿನಲ್ಲಿ ಕೆಲಸ" ಎಂದರೆ ವೈದ್ಯರಿಗೆ ಮರದ ಧೂಳು ಹೊಳೆಯುವುದಾದರೂ ಹೇಗೆ? ಆದ್ದರಿಂದ ಒಂದು ಹಾಳೆಯಲ್ಲಿ ಎರಡರಿಂದ ನಾಲ್ಕು ವಾರ ಇಷ್ಟನ್ನು ಬರೆದಿಡಿ:

• ಯಾವ ದಿನ, ಎಷ್ಟು ಹೊತ್ತು, ಯಾವ ಮರ ಉಜ್ಜಿದ್ದು.
• ಕೆಮ್ಮು, ಎದೆ ಬಿಗಿತ, ಉಬ್ಬಸ ಬಂದ ಸಮಯ. ರಾತ್ರಿ ಎಚ್ಚರವಾಯಿತೇ?
• ರಿಲೀವರ್ ಎಷ್ಟು ಸಲ ಬೇಕಾಯಿತು?
• ಉಜ್ಜದ ದಿನಗಳಲ್ಲಿ, ಊರಿಗೆ ಹೋದಾಗ ಹೇಗಿತ್ತು?

ವೈದ್ಯರು ಸೂಚಿಸಿದರೆ ಪೀಕ್ ಫ್ಲೋ ಮೀಟರ್ ಎಂಬ ಚಿಕ್ಕ ಸಾಧನದಲ್ಲಿ ದಿನಕ್ಕೆ ನಾಲ್ಕು ಸಲ ಊದಿ ಅಂಕಿ ಬರೆಯಿರಿ. ಪ್ರತಿ ಸಲ ಮೂರು ಬಾರಿ ಊದಿ, ಹೆಚ್ಚಿನ ಅಂಕಿಯನ್ನು ತೆಗೆದುಕೊಳ್ಳಬೇಕು. ಉಜ್ಜಿದ ದಿನಗಳಲ್ಲಿ ಅಂಕಿ ಇಳಿದು, ಬಿಟ್ಟ ದಿನಗಳಲ್ಲಿ ಏರಿದರೆ ವೈದ್ಯರಿಗೆ ದೊಡ್ಡ ಸುಳಿವು ಸಿಕ್ಕಂತೆ. ಮನೆಯ ಇನ್ನೊಬ್ಬ ರೋಗಿಗೂ ಇದೇ ಹಾಳೆ ಬಳಸಬಹುದು. ಆದರೆ ಪರೀಕ್ಷೆ ಮಾಡಿ ನೋಡೋಣವೆಂದು ಬೇಕೆಂದೇ ಧೂಳಿಗೆ ಹೋಗಬೇಡಿ.

ತಕ್ಷಣ ಆಸ್ಪತ್ರೆಗೆ ಯಾವಾಗ?

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಯಾಗುವುದು, ಮಂಕು ಕವಿಯುವುದು, ರಿಲೀವರ್ ತೆಗೆದುಕೊಂಡರೂ ಕಡಿಮೆಯಾಗದಿರುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ರೋಗಿಯನ್ನು ನೆಟ್ಟಗೆ ಕೂರಿಸಿ, ವೈದ್ಯರು ಹೇಳಿಕೊಟ್ಟಂತೆ ಸ್ಪೇಸರ್ ಮೂಲಕ ರಿಲೀವರ್ ಕೊಡುತ್ತಾ 108 ಅಥವಾ 112ಕ್ಕೆ ಕರೆ ಮಾಡಿ.

ಗಿಟಾರ್ ಬಿಡಬೇಕೇ?

ಹೆಚ್ಚಿನವರು ಬಿಡಬೇಕಿಲ್ಲ. ಕೀಸುಳಿ, ಸ್ಕ್ರೇಪರ್‌ನಿಂದ ಆಕಾರ ಕೊಟ್ಟು, ಉಜ್ಜುವುದನ್ನು ಕಡಿಮೆ ಮಾಡಿ, ಧೂಳನ್ನು ಹಿಡಿದು, ಮಾಸ್ಕ್ ಹಾಕಿಕೊಂಡರೆ ಕೆಲಸ ಮುಂದುವರಿಸಬಹುದು. ನಿಮಗೆ ಅಥವಾ ಮನೆಯವರಿಗೆ ಈಗಾಗಲೇ ಅಸ್ತಮಾ ಇದ್ದರೆ ಉಜ್ಜುವ ಹಂತವನ್ನಷ್ಟೇ ಮನೆಯ ಹೊರಗೆ, ಬೇರೆಯವರ ಕಾರ್ಯಾಗಾರದಲ್ಲಿ ಮಾಡಿಸಿ. ಜೋಡಿಸುವುದು, ತಂತಿ ಕಟ್ಟುವುದು, ಶ್ರುತಿ ಮಾಡುವುದು ಮನೆಯಲ್ಲೇ ಆಗಲಿ. ಮರದ ಧೂಳಿನಿಂದಲೇ ಅಸ್ತಮಾ ಬಂದಿದೆ ಎಂದು ವೈದ್ಯರು ಖಚಿತಪಡಿಸಿದರೆ ಮಾತ್ರ ಆ ಮರವನ್ನು, ಅದರ ಧೂಳನ್ನು ಪೂರ್ತಿ ಬಿಡಬೇಕಾಗುತ್ತದೆ. ಅದನ್ನು ಮುಂದಿನ ವರ್ಷಕ್ಕೆ ಮುಂದೂಡಬೇಡಿ. ನುಡಿಸುವುದನ್ನು ಯಾರೂ ಬಿಡಬೇಕಿಲ್ಲ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಔಷಧಿಯನ್ನು ಶುರುಮಾಡುವ, ಬದಲಿಸುವ, ನಿಲ್ಲಿಸುವ ಮೊದಲು ನಿಮ್ಮ ವೈದ್ಯರನ್ನು ಅಥವಾ ಫಾರ್ಮಸಿಸ್ಟ್ ಅವರನ್ನು ಕೇಳಿ.